ಹಳೆಯ ಹೆಸರಿನಿಂದ ಕರೆದಾಗ

ಮನೆ ಬದಲಾಯಿಸುವವರು ಪಾತ್ರೆ-ಪಗಡೆಗಳನ್ನು ಎಣಿಸಿ ಕಟ್ಟುತ್ತಾರೆ, ಎಣಿಸಿ ಬಿಚ್ಚುತ್ತಾರೆ. ಎಣಿಕೆಗೆ ಸಿಗದ ಕೆಲವು ಸಂಗತಿಗಳು ಮಾತ್ರ ಹಳೆಯ ಮನೆಯಲ್ಲಿಯೇ ಉಳಿದುಬಿಡುತ್ತವೆ. 2024ರ ಬೇಸಿಗೆಯಲ್ಲಿ ಧಾರವಾಡದ ಮನೆಯನ್ನು ಬಿಟ್ಟು ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಬಂದಾಗ ನಮ್ಮಲ್ಲಿಯೂ ಹಾಗೆಯೇ ಆಯಿತು.

ಆಗ ನಮ್ಮ ಅವ್ವನವರಿಗೆ ಎಂಬತ್ತೆರಡು ವರ್ಷ. ದೃಷ್ಟಿ ಮಂದವಾಗಿತ್ತು. ಬೆಳಗಿನ ಜಾವ ಸ್ನಾನ ಮುಗಿಸಿ, ವಿಭೂತಿ ಧರಿಸಿ, ಇಷ್ಟಲಿಂಗ ಪೂಜೆಗೆ ಅಣಿಯಾಗುವಾಗ ಅವರಿಗೆ ವಚನಗಾಯನ ಕಿವಿಗೆ ಬೀಳಲೇಬೇಕು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯನ್ನು ಕೇಳುತ್ತಲೇ ಬೆಳೆದವರು ಅವರು. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು ಅವರ ಕಂಠವೆಂದರೆ ಅವರಿಗೆ ಮನೆಯವರ ಕಂಠವಿದ್ದಂತೆ. ರೇಡಿಯೋ ಹೋಗಿ ಟೇಪ್ ರೆಕಾರ್ಡರ್ ಬಂದಿತು. ಅದೂ ಹೋದ ಮೇಲೆ 2016ರಲ್ಲಿ ನಾವು ಒಂದು ವೈರ್‌ಲೆಸ್ ಸ್ಪೀಕರನ್ನು ತಂದುಕೊಟ್ಟೆವು. ಅದರ ನೆತ್ತಿಯ ಮೇಲೆ ಆರು ಗುಂಡಿಗಳು. ಮೊದಲನೆಯದನ್ನು ಒತ್ತಿದರೆ ನಾವು ಕೂಡಿಸಿಟ್ಟ ವಚನಗಳು ಇಂಟರ್‌ನೆಟ್‌ನಿಂದ ಒಂದಾದ ಮೇಲೊಂದು ಬರುತ್ತಿದ್ದವು. ಕಣ್ಣು ಕಾಣದಿದ್ದರೂ ಬೆರಳಿಗೆ ಗುಂಡಿ ತಿಳಿಯುತ್ತಿತ್ತು.

ಹೊಸ ಮನೆಗೆ ಬಂದು ಮೂರು ವಾರಗಳಾಗಿದ್ದವು. ಒಂದು ದಿನ ಬೇಗ ಎಚ್ಚರವಾಗಿ ಹೊರಗೆ ಬಂದ ನಾವು ಕಂಡದ್ದಿಷ್ಟು: ಅವ್ವನವರು ಮೊದಲ ಗುಂಡಿಯನ್ನು ಒತ್ತಿದರು, ಕಾದರು, ಮತ್ತೆ ಒತ್ತಿದರು. ಸ್ಪೀಕರಿನ ದೀಪ ಮಿನುಗಿತೇ ಹೊರತು ಸದ್ದು ಬರಲಿಲ್ಲ. ಕೈ ತೆಗೆದು, ಮೌನವಾಗಿ ಪೂಜೆಗೆ ಕುಳಿತರು. ಎಷ್ಟು ದಿನದಿಂದ ಹೀಗೆ ಎಂದು ವಿಚಾರಿಸಿದರೆ, "ಬಂದಾಗಿಂದ ಹಿಂಗ. ನಿಮಗ ದಿನಾ ಆಫೀಸಿನ ಗಡಿಬಿಡಿ. ಇದನ್ನೊಂದು ಹೇಳೂದೇನು ಅಂತ ಸುಮ್ಮನಾದೆ" ಎಂದರು. ಮೂರು ವಾರ ಒಂದೇ ಸೂರಿನಡಿಯಲ್ಲಿದ್ದೂ ಆ ಮೌನವನ್ನು ಗಮನಿಸದ ನಮಗೆ ಉತ್ತರವೇ ತೋಚಲಿಲ್ಲ.

ಇಂಟರ್‌ನೆಟ್ ಜೋಡಿಸಲು ಬಂದಿದ್ದ ಹುಡುಗನನ್ನು ಕೇಳಿದೆವು. "ಇದು ಹಳೇದು ಸಾರ್, ಬೇರೆ ತಗೊಂಡುಬಿಡಿ" ಎಂದ. ಸ್ಪೀಕರಿಗೆ ಹೊಸ ವೈಫೈಯನ್ನು ಪರಿಚಯಿಸಲು ಅದರದೇ ಒಂದು ಆ್ಯಪ್ ಬೇಕಿತ್ತು; ನಮ್ಮ ಹೊಸ ಫೋನಿನಲ್ಲಿ ಅದು ದೊರೆಯಲಿಲ್ಲ. ಇನ್ನುಳಿದದ್ದು ಒಂದೇ ದಾರಿ, ಎಲ್ಲವನ್ನೂ ಅಳಿಸಿ ಮೊದಲಿನಿಂದ ಆರಂಭಿಸುವುದು ಎಂದುಕೊಂಡೆವು. ಆ ಸಂಜೆ ಫೋನಿನಲ್ಲಿ ಮಾತಿಗೆ ಸಿಕ್ಕ, ಎಂಜಿನಿಯರಿಂಗ್ ಓದುತ್ತಿರುವ ತಮ್ಮನ ಮಗಳು ನಮ್ಮನ್ನು ತಡೆದಳು. "ದೊಡ್ಡಪ್ಪ, ರಿಸೆಟ್ ಮಾಡಬ್ಯಾಡ್ರಿ. ಅಳಿಸಿದ ಮ್ಯಾಲೆ ಆ್ಯಪ್ ಸಿಗಲಿಲ್ಲಂದ್ರ ಅದು ಬರೇ ಡಬ್ಬಿ ಆಗ್ತದ" ಎಂದಳು.

ಅವಳು ತಿಳಿಸಿಕೊಟ್ಟ ಮರ್ಮ ಸರಳವಾದುದು. ಸ್ಪೀಕರ್ ಕೆಟ್ಟಿರಲಿಲ್ಲ. ಮನೆ ಬದಲಾದದ್ದು ಅದಕ್ಕೆ ತಿಳಿದಿರಲಿಲ್ಲ, ಅಷ್ಟೇ. ಹಳೆಯ ವೈಫೈಯ ಹೆಸರು, ಪಾಸ್‌ವರ್ಡ್ ಎರಡನ್ನೂ ನೆನಪಿನಲ್ಲಿಟ್ಟುಕೊಂಡು ಅದು ದಿನವೂ ಅದೇ ಹೆಸರನ್ನು ಹುಡುಕುತ್ತಿತ್ತು. ಸ್ಪೀಕರಿಗೆ ಹೊಸ ಹೆಸರನ್ನು ಕಲಿಸಲಾಗದಿದ್ದರೇನು, ಹೊಸ ರೌಟರಿಗೆ ಹಳೆಯ ಹೆಸರಿಡಬಹುದಲ್ಲ!

ಇದಕ್ಕೆ ಮೂರು ಸಂಗತಿಗಳು ಹೊಂದಬೇಕು. ಮೊದಲನೆಯದು, ಹೆಸರು ಮತ್ತು ಪಾಸ್‌ವರ್ಡ್ ಅಕ್ಷರಶಃ ಮೊದಲಿನಂತೆಯೇ ಇರಬೇಕು. ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳೂ ವ್ಯತ್ಯಾಸವಾಗಬಾರದು. ಎರಡನೆಯದು, ಹೊಸ ರೌಟರುಗಳು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಅಲೆಪಟ್ಟಿಗಳಲ್ಲಿ ಕೆಲಸ ಮಾಡುತ್ತವೆ. ನಮ್ಮ ಸ್ಪೀಕರಿನಂತಹ ಹಳೆಯ ಸಾಧನಗಳಲ್ಲಿ ಹಲವಕ್ಕೆ 2.4 ಮಾತ್ರ ತಿಳಿಯುವುದರಿಂದ ಹಳೆಯ ಹೆಸರನ್ನು ಅದಕ್ಕೇ ಇಡಬೇಕು. ಮೂರನೆಯದು, ರಕ್ಷಣೆಯ ವಿಧಾನ. 2018ರಲ್ಲಿ ಬಂದ ಡಬ್ಲ್ಯೂಪಿಎ-3 ಎಂಬುದು ಅದಕ್ಕಿಂತ ಮೊದಲಿನ ಸ್ಪೀಕರಿಗೆ ಅರ್ಥವಾಗದು. 2004ರಷ್ಟು ಹಿಂದಿನ ಡಬ್ಲ್ಯೂಪಿಎ-2 ಅನ್ನು ಆರಿಸಬೇಕು. ಈ ಬದಲಾವಣೆಗಳನ್ನು ರೌಟರಿನ ತಳದ ಚೀಟಿಯಲ್ಲಿರುವ ವಿಳಾಸವನ್ನು ಫೋನಿನ ಬ್ರೌಸರಿನಲ್ಲಿ ತೆರೆದು ಮಾಡಬಹುದು. ಹಳೆಯ ಪಾಸ್‌ವರ್ಡ್ ಹೊರಗಿನ ಹಲವರಿಗೆ ಗೊತ್ತಿದ್ದರೆ ಮಾತ್ರ ಈ ಉಪಾಯ ತರವಲ್ಲ.

ಆದರೆ ಆ ಪಾಸ್‌ವರ್ಡ್ ನಮ್ಮಲ್ಲಿ ಯಾರಿಗೂ ನೆನಪಿರಲಿಲ್ಲ. ಅದನ್ನು ಇಟ್ಟವರು 2019ರಲ್ಲಿ ಲಿಂಗೈಕ್ಯರಾದ ಅಪ್ಪನವರು. ಇನ್ನೂ ಬಿಚ್ಚದ ರಟ್ಟಿನ ಪೆಟ್ಟಿಗೆಯೊಂದರಲ್ಲಿ ಅವರ ಲೆಕ್ಕದ ಪುಸ್ತಕವಿದ್ದಿತು. ಹಾಲಿನ ಲೆಕ್ಕಕ್ಕೂ ಕರೆಂಟು ಬಿಲ್ಲಿನ ಲೆಕ್ಕಕ್ಕೂ ನಡುವೆ, ಅವರ ದುಂಡನೆಯ ಅಕ್ಷರದಲ್ಲಿ, ವೈಫೈಯ ಹೆಸರು ಮತ್ತು ಪಾಸ್‌ವರ್ಡ್ ಎರಡೂ ಇದ್ದವು. ಹೆಸರು ನಮ್ಮ ಧಾರವಾಡದ ಮನೆಯದೇ: ಶರಣನಿಲಯ.

ಮೊದಲ ಸಲ ಸ್ಪೀಕರ್ ಓಗೊಡಲಿಲ್ಲ. ನೋಡಿದರೆ, ಅಪ್ಪನವರು ಹೆಸರಿನ ಮೊದಲಕ್ಷರವನ್ನು ದೊಡ್ಡದಾಗಿ ಬರೆದಿದ್ದರು, ನಾವು ಚಿಕ್ಕದಾಗಿ ಇಟ್ಟಿದ್ದೆವು. ತಿದ್ದಿ, ರೌಟರನ್ನೂ ಸ್ಪೀಕರನ್ನೂ ಒಮ್ಮೆ ಆರಿಸಿ ಹಚ್ಚಿದೆವು. ಸ್ವಲ್ಪ ಹೊತ್ತಿನಲ್ಲಿ ದೀಪ ಮಿನುಗುವುದನ್ನು ನಿಲ್ಲಿಸಿ ಸ್ಥಿರವಾಯಿತು. ಅವ್ವನವರನ್ನು ಕರೆದೆವು. ಅವರು ಬೆರಳಿನಿಂದ ಮೊದಲ ಗುಂಡಿಯನ್ನು ಹುಡುಕಿ ಒತ್ತಿದರು. ಮನಸೂರರ ಧ್ವನಿ ಕೋಣೆಯನ್ನು ತುಂಬಿತು.

ನಡೆದುದನ್ನೆಲ್ಲ ವಿವರಿಸಿ ಹೇಳಿದಾಗ ಅವ್ವನವರು, "ಹಳೇ ಹೆಸರಿಲೆ ಕರದ್ರ ಓ ಅಂತು ಅನ್ನು. ಪಾಪ, ಅದೂ ಮನಿ ಹುಡುಕಾಕ್ಹತ್ತಿತ್ತು" ಎಂದರು.

ಆ ಮಾತು ನಮ್ಮನ್ನು ಇರಿಯಿತು. ಊರು ಬಿಟ್ಟು ಬಂದ ಹಿರಿಯ ಜೀವ ಹೊಸ ಮನೆಯ ರೀತಿಗೆ ತಾನೇ ಹೊಂದಿಕೊಳ್ಳಲಿ ಎಂದು ನಾವು ನಿರೀಕ್ಷಿಸಿದ್ದೆವು. ಪೂಜೆಯ ಜಾಗವನ್ನು ನಮ್ಮ ಅನುಕೂಲ ನೋಡಿ ಒಂದು ಮೂಲೆಗೆ ತಳ್ಳಿದ್ದೆವು. ಜೋಳದ ರೊಟ್ಟಿ ಭಾನುವಾರದ ಅಡುಗೆಯಾಗಿಬಿಟ್ಟಿತ್ತು. ದಾಸೋಹದ ಮಾತನ್ನು ಸಭೆಗಳಲ್ಲಿ ಆಡುವ ನಾವು, ಮನೆಯೊಳಗಿನ ಹಿರಿಯರ ಇಷ್ಟವನ್ನು ಕೇಳುವುದೂ ದಾಸೋಹವೇ ಎಂಬುದನ್ನು ಮರೆತಿದ್ದೆವು.

ಈಗ ಅವ್ವನವರ ಆಸನ ಧಾರವಾಡದಲ್ಲಿದ್ದಂತೆ ಪೂರ್ವದ ಕಿಟಕಿಯ ಬಳಿಗೆ ಬಂದಿದೆ. ದಿನವೂ ಒಂದು ಹೊತ್ತು ರೊಟ್ಟಿಯಾಗುತ್ತದೆ. ಬೆಳಗಿನ ಜಾವ ವಚನ ಕೇಳಿಸದಿದ್ದರೆ ನಾವೇ ಎದ್ದು ಹೋಗಿ, "ಯಾಕವ್ವಾ?" ಎಂದು ಕೇಳುತ್ತೇವೆ.