ಮಾರುವ ಮನೆಗೆ ಕೊನೆಯ ಸಿಂಗಾರ

ಮಣಿಪಾಲದಲ್ಲಿ ನನ್ನ ಕೆಲಸ, ಕಾಪುವಿನಲ್ಲಿ ಅಜ್ಜಿಮನೆ. ಉಡುಪಿಯಲ್ಲಿ ಬಸ್ ಬದಲಿಸಿದರೆ ಮುಗಿಯಿತು. ಕಳೆದ ಏಪ್ರಿಲ್‌ನ ಭಾನುವಾರಗಳೆಲ್ಲ ಹೀಗೇ ಹೋದವು. ಮನೆ ಮಾರಬೇಕಿತ್ತು. "ತೋರಿಸುವ ಮೊದಲು ಸ್ವಲ್ಪ ಚಂದ ಮಾಡಿ, ಹಳತೆಲ್ಲ ಮುಚ್ಚಿ" ಅಂದಿದ್ದರು ಬ್ರೋಕರ್.

ನನಗೆ ನೆನಪಾದದ್ದು ಮಣಿಪಾಲದ ಹೆರಿಟೇಜ್ ವಿಲೇಜ್. ಅಳಿದುಹೋಗಲಿದ್ದ ಹಳೆಮನೆಗಳನ್ನು ಬಿಚ್ಚಿ ತಂದು ವಿಜಯನಾಥ ಶೆಣೈ ಅವರು ಅಲ್ಲಿ ಮತ್ತೆ ನಿಲ್ಲಿಸಿದರು. ಅದನ್ನು ನೋಡಲು ಜನ ಟಿಕೆಟ್ ತಗೊಂಡು ಹೋಗ್ತಾರೆ. ಹಾಗಿದ್ದ ಮೇಲೆ ನಾವ್ಯಾಕೆ ಮುಚ್ಚಬೇಕು?

ಅಟ್ಟ ಖಾಲಿ ಮಾಡಿದೆವು. ಒಡೆದ ಹೆಂಚು ಬದಲಿಸಿದೆವು. ಕಾವಿ ನೆಲವನ್ನು ತೆಂಗಿನೆಣ್ಣೆ ಬಟ್ಟೆಯಲ್ಲಿ ಉಜ್ಜಿದಾಗ ಮುಖ ಕಾಣುವಷ್ಟು ಹೊಳಪು! ಕಿಟಕಿ ತೆರೆದರೆ 1901ರ ದೀಪಸ್ತಂಭದ ಕಡೆಯಿಂದ ಕಡಲ ಗಾಳಿ. ಖರ್ಚು ಕಮ್ಮಿ, ಬೆವರೇ ಜಾಸ್ತಿ.

ಉಳಿದದ್ದು ಮಳೆಗಾಲದಲ್ಲಿ ಒದ್ದೆಯಾಗುವ ಪಡುಗೋಡೆ. "ಪೈಂಟ್ ಹೊಡೆದು ಕಪಾಟು ಇಟ್ಟುಬಿಡಿ" ಅಂದರು ಬ್ರೋಕರ್. ಅಮ್ಮ ಒಪ್ಪಲಿಲ್ಲ. "ಜೂನ್‌ನಲ್ಲಿ ಅವರು ನಮ್ಮನ್ನೇ ಬೈಯುವುದಲ್ವಾ ಮಗಾ?"

ಕಾರ್ಕಳದಿಂದ ಗಂಡ ಹೆಂಡತಿ ಬಂದರು. ಅಮ್ಮ ಮೊದಲು ತೋರಿಸಿದ್ದೇ ಆ ಗೋಡೆ! ನನಗೆ ಎದೆ ಡವಡವ. ಅವರು ಜಗಲಿಯಲ್ಲಿ ಕೂತು ತುಂಬ ಹೊತ್ತು ಮಾತಾಡಿಕೊಂಡರು. ರಿಪೇರಿಗೆಂದು ಸ್ವಲ್ಪ ಕಮ್ಮಿ ಕೇಳಿದರು, ಅಲ್ಲೇ ಅಡ್ವಾನ್ಸ್ ಕೊಟ್ಟರು.

ನೀವೂ ಮನೆ ಮಾರುವವರಿದ್ದರೆ ಗುಡಿಸಿ, ಒರೆಸಿ, ಹೊಳೆಯಿಸಿ. ಅಡಗಿಸಬೇಡಿ.

ಜೂನ್‌ನ ಮೊದಲ ಮಳೆಗೆ ವಾಟ್ಸಾಪ್‌ನಲ್ಲಿ ಫೋಟೊ ಬಂತು: ಪಡುಗೋಡೆಗೆ ತೆಂಗಿನ ಮಡಲು ಕಟ್ಟಿದ್ದರು. ಅಮ್ಮ ಝೂಮ್ ಮಾಡಿ ನೋಡಿದಳು. "ಸರೀ ಕಟ್ಟಿದ್ದಾರೆ" ಅಂದಳು.