ಎ ಪ್ಲಸ್ ಕೊಟ್ಟ ಮೇಷ್ಟ್ರು

ಐದನೇ ತರಗತಿಯ ಆ ಹುಡುಗನಿಗೆ ಹಿಂದಿನ ವರ್ಷ ಕನ್ನಡದಲ್ಲಿ ಎ ಪ್ಲಸ್ ಕೊಟ್ಟವನು ನಾನೇ. ಕೈಬರಹ ದುಂಡಗೆ, ನೋಟ್ಸು ಪೂರ್ತಿ, ಪದ್ಯಗಳೆಲ್ಲ ಬಾಯಿಪಾಠ. ಪ್ರಶ್ನೆ ಕೇಳಿ ಮುಗಿಸುವಷ್ಟರಲ್ಲಿ ಉತ್ತರ ಬರುತ್ತಿತ್ತು. ಅನುಮಾನ ಪಡಲು ನನಗೆ ಕಾರಣವೇ ಕಂಡಿರಲಿಲ್ಲ.

2022ರಲ್ಲಿ ಅಸರ್ ಸಮೀಕ್ಷೆಯವರು ನಮ್ಮೂರಿಗೆ ಬಂದರು. ಪ್ರಥಮ್ ಸಂಸ್ಥೆ 2005ರಲ್ಲಿ ಶುರು ಮಾಡಿದ ಈ ಸಮೀಕ್ಷೆ ಶಾಲೆಯಲ್ಲಿ ನಡೆಯುವುದಿಲ್ಲ, ಮನೆಮನೆಗೆ ಬರುತ್ತದೆ. ಮಗುವಿನ ಕೈಗೆ ಒಂದು ಹಾಳೆ ಕೊಡುತ್ತಾರೆ. ಮೊದಲು ಒಂದನೇ ತರಗತಿ ಮಟ್ಟದ ಪ್ಯಾರಾ. ಸಲೀಸಾಗಿ ಓದಿದರೆ ಎರಡನೇ ತರಗತಿ ಮಟ್ಟದ ಕತೆ. ತಡವರಿಸಿದರೆ ಬಿಡಿ ಪದ, ಅದೂ ಆಗದಿದ್ದರೆ ಅಕ್ಷರ.

ಅವರು ಬಂದ ಭಾನುವಾರ ಆ ಹುಡುಗನ ಮನೆಗೆ ನಾನೂ ಹೋದೆ, ಯಾರೂ ಕರೆಯದೆ. ಜಗಲಿ ಮೇಲೆ ಕೂತು, "ನಮ್ಮ ಕ್ಲಾಸಿಗೇ ಚುರುಕು ಇವನು" ಎಂದು ಅವನ ತಾಯಿಯ ಎದುರೇ ಹೇಳಿದೆ. ಪ್ಯಾರಾ ಹೇಗೋ ದಾಟಿದ. ಕತೆಯಲ್ಲಿ ಒತ್ತಕ್ಷರಗಳು ಶುರುವಾದವು. 'ಹಕ್ಕಿ' ಇದ್ದದ್ದು 'ಹಕಿ' ಆಯಿತು. ಬೆರಳು ಅಲ್ಲೇ ನಿಂತಿತು, ಕಣ್ಣು ನನ್ನ ಮುಖಕ್ಕೆ ಬಂತು. "ಹಕ್ಕಿ ಕಣೋ" ಅಂದುಬಿಟ್ಟೆ. ಸಮೀಕ್ಷೆಗೆ ಬಂದಿದ್ದ ಹುಡುಗಿ ಮೆಲ್ಲಗೆ, "ಸರ್, ದಯವಿಟ್ಟು ಹೇಳ್ಕೊಡಬೇಡಿ" ಎಂದಳು. ಆಮೇಲೆ ಲೆಕ್ಕ. 52ರಲ್ಲಿ 27 ಕಳೆದು 35 ಬರೆದ. ಏಳರಲ್ಲಿ ಎರಡು ಹೋದರೆ ಐದು, ಐದರಲ್ಲಿ ಎರಡು ಹೋದರೆ ಮೂರು. ದಶಕ ಎರವಲು ಪಡೆಯುವುದು ಅವನಿಗೆ ಗೊತ್ತೇ ಇರಲಿಲ್ಲ.

"ಕಾರ್ಡಲ್ಲಿ ಎ ಪ್ಲಸ್ ಅಂತ ಬರ್ದಿದ್ರಲ್ಲ ಮೇಷ್ಟ್ರೇ?" ಆ ತಾಯಿಯ ದನಿಯಲ್ಲಿ ಆಕ್ಷೇಪ ಇರಲಿಲ್ಲ, ನಿಜಕ್ಕೂ ತಿಳಿದುಕೊಳ್ಳಬೇಕಿತ್ತು. "ಹೊಸಬರ ಮುಂದೆ ಹೆದರಿದಾನೆ ಕಣಮ್ಮ" ಎಂದೆ. ಈಗಲೂ ನನ್ನನ್ನು ಹೆಚ್ಚು ಚುಚ್ಚುವುದು ಆ ಮಾತೇ. ನನ್ನ ತಪ್ಪನ್ನು ಹತ್ತು ವರ್ಷದ ಮಗುವಿನ ಹೆದರಿಕೆಯ ಮೇಲೆ ಹಾಕಿ ಎದ್ದು ಬಂದಿದ್ದೆ.

ಕೊರೊನಾದ ಮೇಲೆ ಹಾಕಬಹುದಿತ್ತು. ನಮ್ಮ ರಾಜ್ಯದಲ್ಲಿ 2020ರ ಮಾರ್ಚಿನಲ್ಲಿ ಮುಚ್ಚಿದ ಒಂದರಿಂದ ಐದನೇ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಗ್ರಾಮೀಣ ಭಾರತದ ಐದನೇ ತರಗತಿಯವರಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲವರು 2018ರಲ್ಲಿ ಶೇ. 50.5 ಇದ್ದದ್ದು 2022ಕ್ಕೆ ಶೇ. 42.8ಕ್ಕೆ ಇಳಿದಿತ್ತು. ನಿಜ. ಆದರೆ ಶಾಲೆ ತೆರೆದ ಮೇಲೆ ಈ ಹುಡುಗ ನನ್ನ ಕಣ್ಣೆದುರೇ ಕೂತಿದ್ದ. ಎಲ್ಲರೂ ಒಟ್ಟಿಗೆ ಪಾಠ ಓದುವಾಗ ಅವನ ತುಟಿ ಉಳಿದವರಿಗಿಂತ ಅರ್ಧ ಅಕ್ಷರ ಹಿಂದೆ ಆಡುತ್ತಿತ್ತು. ಸಮೀಕ್ಷೆಯ ಮರುದಿನ ಗಮನಿಸಿದಾಗಲೇ ಅದು ನನಗೆ ಕಂಡದ್ದು. ಒಬ್ಬನನ್ನೇ ಕೂರಿಸಿ, ಹಿಂದೆಂದೂ ನೋಡದ ಪುಟ ಕೊಟ್ಟು, ಅವನು ಓದುವುದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಹುಡುಗ ಚುರುಕೇ, ಅದರಲ್ಲಿ ಸುಳ್ಳಿಲ್ಲ. ಕಿವಿಯಿಂದ ಇಡೀ ಪುಸ್ತಕ ಕಲಿತಿದ್ದ. ನನ್ನ ಪರೀಕ್ಷೆ ಅಳೆದದ್ದು ಆ ನೆನಪಿನ ಶಕ್ತಿಯನ್ನು.

2023ರ ಮಾರ್ಚಿನಲ್ಲಿ ಐದನೇ ತರಗತಿಗೆ ರಾಜ್ಯಮಟ್ಟದ ಮೌಲ್ಯಾಂಕನ ಬಂತು, ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಬೇಕೋ ಬೇಡವೋ ಎಂದು ಎಲ್ಲರೂ ವಾದಿಸಿದರು. ನನಗನ್ನಿಸುವುದು ಬೇರೆ. ಬರೆಸುವ ಪರೀಕ್ಷೆ ಯಾವ ಮಟ್ಟದಲ್ಲೇ ನಡೆಯಲಿ, ಮಗು ಎಲ್ಲಿ ತೊಡರುತ್ತದೆ ಎಂಬುದು ಆ ಪರೀಕ್ಷೆಯ ಕಿವಿಗೆ ಬೀಳುವುದಿಲ್ಲ. ಪಕ್ಕದಲ್ಲಿ ಒಬ್ಬರು ಕೂತು ಕೇಳಲೇಬೇಕು.

ಈಗ ವರ್ಷದ ಶುರುವಿನಲ್ಲೂ ಕೊನೆಯಲ್ಲೂ ಒಬ್ಬೊಬ್ಬರನ್ನೇ ವರಾಂಡಕ್ಕೆ ಕರೆದು ಓದಿಸುತ್ತೇನೆ, ಬೇರೆಯವರಿಗೆ ಕೇಳಿಸದ ಹಾಗೆ. ಯಾವ ಒತ್ತು ಬಿಡುತ್ತಾರೆ, ಓದಿದ್ದನ್ನು ತಮ್ಮ ಮಾತಲ್ಲಿ ಹೇಳುತ್ತಾರೋ ಇಲ್ಲವೋ, ಕಳೆಯುವ ಲೆಕ್ಕದಲ್ಲಿ ಎಲ್ಲಿ ಎಡವುತ್ತಾರೆ, ಎಲ್ಲವನ್ನೂ ಒಂದು ಪುಟದಲ್ಲಿ ಬರೆದಿಡುತ್ತೇನೆ. ಆರನೇ ತರಗತಿಗೆ ಬೇರೆ ಶಾಲೆ ಸೇರುವವರ ಟಿಸಿ ಜೊತೆ ಆ ಪುಟದ ನಕಲನ್ನೂ ಕಳಿಸುತ್ತೇನೆ. ಅಲ್ಲಿನ ಮೇಷ್ಟ್ರಿಗೆ ಎಲ್ಲಿಂದ ಹಿಡಿದು ಕಲಿಸಬೇಕೆಂದು ಮೊದಲ ವಾರದಲ್ಲೇ ಗೊತ್ತಾಗಲಿ.