ಹಳೇ ಕಾರ್ಡು, ಹೊಸ ಕರ್ನಲ್ಲು

ಲಿನಕ್ಸ್‌ಗೆ ಹೊಸದಾಗಿ ಬಂದವರಿಗೆ ಟರ್ಮಿನಲ್ ಕಂಡ್ರೆ ಭಯ ಅಂತಾರೆ. ನನಗೆ ಹಾಗನ್ನಿಸಲಿಲ್ಲ. ಟರ್ಮಿನಲ್‌ನಲ್ಲಿ ಏನಾದರೂ ಎಡವಟ್ಟಾದರೆ ಅದು ಬೈಯುತ್ತೆ, ಆ ಬೈಗುಳವನ್ನೇ ಕಾಪಿ ಮಾಡಿ ಹುಡುಕಿದರೆ ಉತ್ತರ ಸಿಗುತ್ತೆ. ನಿಜವಾದ ಭಯ ಗ್ರಾಫಿಕ್ಸ್ ಡ್ರೈವರ್‌ದು. ಅದು ಕೈಕೊಟ್ಟಾಗ ಬೈಗುಳ ತೋರಿಸೋಕೂ ಪರದೆ ಇರಲ್ಲ.

ಹತ್ತು ವರ್ಷದಿಂದ ಸಾಫ್ಟ್‌ವೇರ್ ಕೆಲಸದಲ್ಲಿದ್ದರೂ ಈ ವಿಷಯಕ್ಕೆ ನಾನು ಹೊಸಬನೇ. ಆಫೀಸಿನ ಸರ್ವರ್‌ಗಳೆಲ್ಲ ಲಿನಕ್ಸೇ, ಆದರೆ ಅವಕ್ಕೆ ಮಾನಿಟರ್ರೇ ಇಲ್ಲ. ಮಾನಿಟರ್ ಇರುವ ಲಿನಕ್ಸ್ ಗಂಟುಬಿದ್ದಿದ್ದು 2021ರಲ್ಲಿ. ಬಿಇ ಓದುವಾಗ ತಗೊಂಡಿದ್ದ ಡೆಸ್ಕ್‌ಟಾಪು ನನ್ನ ಬೆಂಗಳೂರಿನ ಮನೆಯ ಅಟ್ಟದ ಮೇಲಿತ್ತು. ತಿಪಟೂರಿನ ಹತ್ತಿರ ಇರೋ ಅಕ್ಕನ ಮಗಳು ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ತಗೊಂಡಿದ್ದಳು. ಸಿ ಪ್ಲಸ್ ಪ್ಲಸ್ ಪ್ರೋಗ್ರಾಂಗಳನ್ನ ಪುಸ್ತಕದಲ್ಲಿ ಬರೆದು ಬಾಯಿಪಾಠ ಮಾಡ್ತಿದ್ದಳು. ಕಂಪೈಲ್ ಮಾಡೋಕೆ ಮನೆಯಲ್ಲಿ ಇದ್ದಿದ್ದು ಅಪ್ಪನ ಮೊಬೈಲು ಒಂದೇ.

ಡೆಸ್ಕ್‌ಟಾಪಿನಲ್ಲಿದ್ದದ್ದು ಎನ್ವಿಡಿಯಾದ ಜಿಫೋರ್ಸ್ 8400 ಜಿಎಸ್ ಕಾರ್ಡು. 2007ರ ಮಾಲು, ಆ ಕಾಲದಲ್ಲಿ ಕಡಿಮೆ ದುಡ್ಡಿಗೆ ಸಿಗ್ತಿದ್ದ ಕಾರ್ಡು. ಹಗುರವಾದ ಒಂದು ಲಿನಕ್ಸ್ ಹಾಕಿದೆ. ಡ್ರೈವರ್ ಪಟ್ಟಿಯಲ್ಲಿ ಎರಡು ಹೆಸರು ಬಂತು: ಒಂದು ಕಂಪನಿಯದೇ ಡ್ರೈವರ್, 340.108. ಇನ್ನೊಂದು ನೂವೋ. ಮೊದಲನೆಯದನ್ನ ಆರಿಸಿದೆ. ರೀಬೂಟ್ ಆದ ಮೇಲೆ ವಿಂಡೋಗಳು ಬೆಣ್ಣೆ ಹಾಗೆ ಜಾರಿದವು. ಪೆಟ್ಟಿಗೆ ಕಟ್ಟಿ ಊರಿಗೆ ಸಾಗಿಸಿದ್ದಾಯ್ತು.

ಮುಂದಿನ ವರ್ಷ ಪ್ರಾಕ್ಟಿಕಲ್ ಪರೀಕ್ಷೆಗೆ ಎರಡು ದಿನ ಇದೆ ಅನ್ನುವಾಗ ಫೋನ್ ಬಂತು. "ಮಾಮ, ಲೋಗೋ ಬರುತ್ತೆ, ಆಮೇಲೆ ಕತ್ತಲೆ. ಮೂಲೇಲಿ ಒಂದು ಗೀಟು ಮಾತ್ರ ಮಿಣಕ್ ಮಿಣಕ್ ಅಂತಿದೆ." ಹಿಂದಿನ ದಿನ ಅಪ್‌ಡೇಟ್ ಕೇಳಿತ್ತಂತೆ, ಒತ್ತಿದ್ದಾಳೆ. ಒತ್ತಲೇಬೇಕು, ನಾನೇ ಹೇಳಿಕೊಟ್ಟಿದ್ದು.

ಆಗಿದ್ದಿಷ್ಟು. ಅಪ್‌ಡೇಟ್‌ನಲ್ಲಿ ಹೊಸ ಕರ್ನಲ್ ಬಂದಿತ್ತು. ಕರ್ನಲ್ ಅಂದರೆ ಲಿನಕ್ಸ್‌ನ ಹೊಟ್ಟೆ. ಡಿಸ್ಕು, ಮೆಮೊರಿ, ಕಾರ್ಡು ಎಲ್ಲದರ ಜೊತೆ ಮಾತಾಡೋದು ಅದೇ. ಕಂಪನಿಯ ಡ್ರೈವರ್‌ನಲ್ಲಿ ಎರಡು ಭಾಗ ಇರುತ್ತೆ: ಯಾರಿಗೂ ತೋರಿಸದ ದೊಡ್ಡ ಗಂಟು ಒಂದು, ಆ ಗಂಟನ್ನ ಕರ್ನಲ್‌ಗೆ ಕಟ್ಟುವ ಸಣ್ಣ ಕೋಡು ಇನ್ನೊಂದು. ಹೊಸ ಕರ್ನಲ್ ಬಂದಾಗಲೆಲ್ಲ ಈ ಸಣ್ಣ ಕೋಡನ್ನ ಮತ್ತೆ ಕಂಪೈಲ್ ಮಾಡಬೇಕು. ಡಿಕೆಎಂಎಸ್ ಅನ್ನೋ ವ್ಯವಸ್ಥೆ ಅದನ್ನ ತಾನಾಗೇ ಮಾಡುತ್ತೆ. ಆದರೆ ಕರ್ನಲ್‌ನವರು ತಮ್ಮ ಒಳಗಿನ ಫಂಕ್ಷನ್‌ಗಳನ್ನ ಹೀಗೇ ಇಟ್ಟಿರ್ತೀವಿ ಅಂತ ಯಾರಿಗೂ ಮಾತು ಕೊಟ್ಟಿಲ್ಲ. ಎರಡು, ಎರಡೂವರೆ ತಿಂಗಳಿಗೊಂದು ಆವೃತ್ತಿ ಬರುತ್ತೆ. ಒಳಗಡೆ ಏನು ಬೇಕಾದರೂ ಬದಲಾಗಬಹುದು. 340.108 ಹೊರಬಂದದ್ದು 2019ರ ಡಿಸೆಂಬರ್‌ನಲ್ಲಿ, ಆ ಸಾಲಿನಲ್ಲಿ ಅದೇ ಕೊನೆಯದು. ಆಮೇಲೆ ಕರ್ನಲ್ ಬದಲಾಗ್ತಾ ಹೋಯ್ತು, ಅದು ಅಲ್ಲೇ ನಿಂತಿತು. ಕಂಪನಿಯನ್ನ ಬೈಯೋಕೆ ನನಗೆ ಕಾರಣ ಇಲ್ಲ. ಅಗ್ಗದ ಕಾರ್ಡೊಂದಕ್ಕೆ ಹನ್ನೆರಡು ವರ್ಷ ಡ್ರೈವರ್ ಕೊಡೋದು ಕಡಿಮೆ ಏನಲ್ಲ.

ಅದು ಕಂಪೈಲ್ ಆಗದೆ ಹೋದರೆ ನೂವೋ ಆದರೂ ಬರಬೇಕಿತ್ತಲ್ಲ? ಬರಲ್ಲ. ಎರಡೂ ಒಂದೇ ಕಾರ್ಡಿಗೆ ಕೈ ಹಾಕಬಾರದು ಅಂತ ಕಂಪನಿಯ ಡ್ರೈವರ್ ಇನ್‌ಸ್ಟಾಲ್ ಆಗುವಾಗಲೇ ನೂವೋಗೆ ಬಾಗಿಲು ಹಾಕಿರುತ್ತೆ. ಈಗ ತಾನೂ ಬರಲಿಲ್ಲ, ಅದಕ್ಕೂ ಬಿಡಲಿಲ್ಲ.

ಒಳ್ಳೇದೇನು ಅಂದ್ರೆ, ಲಿನಕ್ಸ್ ಹಳೇ ಕರ್ನಲ್ಲನ್ನ ತಕ್ಷಣ ಎಸೆಯಲ್ಲ. ಆನ್ ಆಗುವಾಗ ಶಿಫ್ಟ್ ಒತ್ತಿ ಹಿಡ್ಕೋ, ಎರಡನೇ ಸಾಲಿಗೆ ಹೋಗು, ಅದರೊಳಗೆ ನಂಬರ್ ಚಿಕ್ಕದಿರೋದನ್ನ ಆರಿಸು ಅಂದೆ. ಮೂರನೇ ಸಲಕ್ಕೆ ಪರದೆ ಬಂತು. ಪರೀಕ್ಷೆ ಮುಗಿಯೋವರೆಗೆ ಹೀಗೇ ನಡೀಲಿ ಅಂತ ಬಿಟ್ಟೆವು.

ಆಮೇಲೆ ಊರಿಗೆ ಹೋದಾಗ ನನ್ನ ಮುಂದೆ ಎರಡೇ ದಾರಿ ಇದ್ದವು. ಒಂದು, ಹಳೇ ಕರ್ನಲ್ಲನ್ನೇ ಹಿಡಿದಿಟ್ಟು ಹೊಸದು ಬರದಂತೆ ಮಾಡೋದು. ವೇಗ ಉಳಿಯುತ್ತೆ. ಆದರೆ ಕರ್ನಲ್‌ನ ಸೆಕ್ಯುರಿಟಿ ರಿಪೇರಿಗಳೂ ಅಲ್ಲಿಗೇ ನಿಲ್ಲುತ್ತವೆ, ಮನೆಯವರೆಲ್ಲ ಇಂಟರ್ನೆಟ್‌ಗೆ ಬಳಸೋ ಮಷೀನು ಅದು. ಹಳೇ ಡ್ರೈವರ್‌ಗೆ ತೇಪೆ ಹಾಕಿ ಹೊಸ ಕರ್ನಲ್ ಮೇಲೆ ಓಡಿಸೋ ಪುಣ್ಯಾತ್ಮರೂ ಇದ್ದಾರೆ, ಆದರೆ ಪ್ರತಿ ಸಲ ಹೊಸ ತೇಪೆ ಹುಡುಕೋಕೆ ನಾನು ಬೆಂಗಳೂರಿಂದ ಬರೋಕಾಗಲ್ಲ. ಎರಡನೇ ದಾರಿ ನೂವೋ.

ಈ ನೂವೋ ಕಥೆ ಓದುವಾಗ ನನಗೆ ನೆನಪಾಗಿದ್ದು ನಮ್ಮ ಕಡೆಯ ರೀವೈಂಡಿಂಗ್ ಅಂಗಡಿಗಳು. ಬೋರ್‌ವೆಲ್ ಮೋಟರ್ ಸುಟ್ಟುಹೋದರೆ ಅದರ ಕಂಪನಿ ಬದುಕಿದೆಯೋ ಮುಚ್ಚಿದೆಯೋ ಅಂತ ಅಂಗಡಿಯವನು ಕೇಳಲ್ಲ. ಸುಟ್ಟ ಕಾಯಿಲ್ ಬಿಚ್ಚುತ್ತಾ ಸುತ್ತು ಎಷ್ಟು ಅಂತ ಎಣಿಸ್ತಾನೆ, ತಂತಿಯ ಗೇಜ್ ಅಳೀತಾನೆ, ತನ್ನ ಪುಸ್ತಕದಲ್ಲಿ ಬರ್ಕೋತಾನೆ. ಮುಂದಿನ ಸಲ ಅಂಥದ್ದೇ ಮೋಟರ್ ಬಂದರೆ ಪುಸ್ತಕ ತೆಗೀತಾನೆ. ನೂವೋದವರೂ ಹೆಚ್ಚುಕಡಿಮೆ ಇದನ್ನೇ ಮಾಡಿದರು. ಕಾರ್ಡು ಹೇಗೆ ಕೆಲಸ ಮಾಡುತ್ತೆ ಅನ್ನೋ ದಾಖಲೆ ಅವರ ಕೈಲಿರಲಿಲ್ಲ. ಕಂಪನಿಯ ಡ್ರೈವರನ್ನೇ ಓಡಿಸಿ, ಅದು ಕಾರ್ಡಿನ ಯಾವ ಜಾಗಕ್ಕೆ ಯಾವ ಸಂಖ್ಯೆ ಬರೀತಿದೆ ಅಂತ ಒಂದೊಂದಾಗಿ ದಾಖಲು ಮಾಡಿಕೊಂಡರು. ಒಂದು ಸೆಟ್ಟಿಂಗ್ ಬದಲಿಸಿ ಮತ್ತೆ ಓಡಿಸಿ, ಏನು ಬದಲಾಯ್ತು ಅಂತ ನೋಡಿದರು. 2010ರ ಫೆಬ್ರವರಿಯಲ್ಲಿ ಬಂದ 2.6.33 ಆವೃತ್ತಿಯಲ್ಲಿ ಆ ಕೋಡು ಕರ್ನಲ್‌ನೊಳಗೇ ಸೇರಿತು.

ಹಾಗೆ ಒಳಗೆ ಸೇರಿದ್ದೇ ದೊಡ್ಡ ಲಾಭ. ಕರ್ನಲ್‌ನಲ್ಲಿ ಯಾರಾದರೂ ಒಂದು ಫಂಕ್ಷನ್ ಬದಲಿಸಿದರೆ, ಕರ್ನಲ್‌ನ ಒಳಗೆ ಅದನ್ನ ಬಳಸುವ ಕೋಡನ್ನೆಲ್ಲ ಸರಿಮಾಡೋ ಜವಾಬ್ದಾರಿಯೂ ಅವರದೇ. 2007ರ ಕಾರ್ಡನ್ನ ಕಣ್ಣಲ್ಲೂ ನೋಡಿರದ ಯಾರೋ ಅದರ ಡ್ರೈವರ್‌ನ ಸಾಲುಗಳನ್ನ ತಿದ್ದುತ್ತಾರೆ. 2012ರಲ್ಲಿ ಫಿನ್‌ಲೆಂಡಿನಲ್ಲಿ ನಡೆದ ಒಂದು ಸಂವಾದದಲ್ಲಿ ಲೈನಸ್ ಟೋರ್ವಾಲ್ಡ್ಸ್ ಎನ್ವಿಡಿಯಾಗೆ ನಡುಬೆರಳು ತೋರಿಸಿದ ವಿಡಿಯೋ ನಮ್ಮ ಇಂಜಿನಿಯರ್ ಗುಂಪುಗಳಲ್ಲಿ ಇವತ್ತಿಗೂ ಓಡಾಡುತ್ತೆ. ನನಗೆ ಅದಕ್ಕಿಂತ ಈ ಎಣಿಸಿ ಬರ್ಕೊಂಡವರ ಕೆಲಸವೇ ದೊಡ್ಡದು ಅನ್ನಿಸುತ್ತೆ. 2022ರಲ್ಲಿ ಎನ್ವಿಡಿಯಾ ತನ್ನ ಕರ್ನಲ್ ಭಾಗದ ಕೋಡನ್ನ ತೆರೆದಿಟ್ಟಿತು ನಿಜ, ಆದರೆ ಅದು 2018ರ ಟ್ಯೂರಿಂಗ್ ಪೀಳಿಗೆಯಿಂದ ಈಚಿನ ಕಾರ್ಡುಗಳಿಗೆ.

ಅಕ್ಕನ ಮನೆಯಲ್ಲಿ ಕೆಲಸ ಹತ್ತು ನಿಮಿಷದ್ದು. ಕಂಪನಿಯ ಡ್ರೈವರನ್ನ ಪೂರ್ತಿ ತೆಗೆದು, ನೂವೋ ಬಾಗಿಲು ತೆರೆದು, ಬೂಟ್ ಆಗುವಾಗ ಓದುವ ಫೈಲನ್ನ ಮತ್ತೆ ಕಟ್ಟಿಸಿ ರೀಬೂಟ್ ಮಾಡಿದ್ದು. ಪಕ್ಕದಲ್ಲಿ ಕೂತಿದ್ದವಳು ಕಮಾಂಡುಗಳನ್ನೆಲ್ಲ ರೆಕಾರ್ಡ್ ಬುಕ್ಕಿನ ಹಿಂದಿನ ಪುಟದಲ್ಲಿ ಬರ್ಕೊಂಡಳು. ಅಲ್ಲಿಂದೀಚೆ ಅಪ್‌ಡೇಟ್‌ಗಳು ಬರ್ತಾನೇ ಇವೆ, ಪರದೆ ಒಮ್ಮೆಯೂ ಹೋಗಿಲ್ಲ.

ನಷ್ಟ ಇಲ್ಲ ಅಂತಲ್ಲ. ಈ ಪೀಳಿಗೆಯ ಕಾರ್ಡಿನ ಗಡಿಯಾರದ ವೇಗವನ್ನ ನೂವೋ ತಾನಾಗಿ ಏರಿಸಲ್ಲ. ಆನ್ ಆದಾಗ ಎಷ್ಟಿರುತ್ತೋ ಅಷ್ಟರಲ್ಲೇ ಓಡಿಸುತ್ತೆ. ಕಂಪೈಲರ್‌ಗೆ, ಬ್ರೌಸರ್‌ಗೆ ಅಷ್ಟು ಸಾಕು. ಅವಳ ತಮ್ಮನಿಗೆ ಸಾಲದು. ಸೂಪರ್‌ಟಕ್ಸ್‌ಕಾರ್ಟ್‌ನಲ್ಲಿ ಅವನ ಕಾರು ಈಗ ಎತ್ತಿನಗಾಡಿ ಥರ ಹೋಗುತ್ತೆ. ಊರಿಗೆ ಹೋದಾಗಲೆಲ್ಲ ಬ್ಯಾಗು ಇಳಿಸೋಕೆ ಮುಂಚೆನೇ ಶುರು ಮಾಡ್ತಾನೆ: "ಮಾಮ, ಆ ಹಳೇ ಡ್ರೈವರ್ರೇ ಹಾಕ್ಕೊಡು, ಅಕ್ಕಂಗೆ ಹೇಳಬೇಡ."